ಒಂದು ಮಾಸ್ತರ ಕಟ್ಟಿಗೆ

ಮನುಷ್ಯ ತನ್ನ ವಯಸ್ಸನ್ನು ಬೇಕಾದರೆ ಒಪ್ಪಿಕೊಂಡಾನು. ಪರೀಕ್ಷೆಯಲ್ಲಿ ಡುಮ್ಕಿ ಹೊಡೆದದ್ದನ್ನೂ ಇಪ್ಪತ್ತು ವರ್ಷ ಕಳೆದ ಮೇಲೆ ನಗುತ್ತ ಹೇಳಿಯಾನು. ಆದರೆ ತನ್ನ ತೂಕ ಎಷ್ಟೆಂದು ಮಾತ್ರ ನಾಲ್ಕು ಜನರೆದುರು ಬಾಯಿ ಬಿಡಲಾರ. ನನ್ನ ತೂಕ ಅರ್ಧ ರಾಯಚೂರಿಗೆ ಗೊತ್ತಿದೆ. ಅದೂ ಕಿಲೋ ಲೆಕ್ಕದಲ್ಲಲ್ಲ, ಕಟ್ಟಿಗೆ ಲೆಕ್ಕದಲ್ಲಿ. ಹೇಗೆ ಗೊತ್ತಾಯಿತು ಎಂಬುದನ್ನು ಬೇರೆಯವರ ಬಾಯಿಂದ ನೀವು ಕೇಳುವ ಮೊದಲು ನಾನೇ ಹೇಳಿಬಿಡುವುದು ಮೇಲು.

ಮೈಸೂರು ಕಡೆಯವರು ಸೌದೆ ಡಿಪೋ ಅನ್ನುವ ಜಾಗಕ್ಕೆ ನಮ್ಮ ಕಡೆ ಕಟ್ಟಿಗೆ ಅಡ್ಡಾ ಅನ್ನುತ್ತೇವೆ. ಒಂದು ಬಯಲು, ತಗಡಿನ ಛಾವಣಿ, ಅದರಡಿ ಜಾಲಿ, ಬೇವು, ಹುಣಸೆ ಸೀಳುಗಳ ರಾಶಿ, ನಡುವೆ ತೊಲೆಗೆ ನೇತುಹಾಕಿದ ಭಾರಿ ತಕ್ಕಡಿ. ಆದರೆ ಈ ಶಬ್ದಕ್ಕೆ ಒಂದು ಕಡೆ ಕೂತು ಗೊತ್ತಿಲ್ಲ. ಟಾಂಗಾ ನಿಲ್ಲುವಲ್ಲಿ ಟಾಂಗಾ ಅಡ್ಡಾ, ಹಮಾಲರು ಕೆಲಸಕ್ಕೆ ಕಾಯುವಲ್ಲಿ ಹಮಾಲರ ಅಡ್ಡಾ. ಮೂರು ದಿನಕ್ಕೆಂದು ಬಂದ ನೆಂಟ ಹದಿನೈದು ದಿನವಾದರೂ ಚೀಲ ಕಟ್ಟದಿದ್ದರೆ ‘ಅಡ್ಡಾ ಹಾಕ್ಯಾನ’. ಕೆಲಸವಿಲ್ಲದ ನಾಲ್ವರು ಕೂತು ಬೀಡಿ ಸೇದಿದರೆ ಅದೂ ಅಡ್ಡಾ. ಮಗ ಊಟದ ಹೊತ್ತಿಗೆ ಬರದಿದ್ದರೆ ತಾಯಿ ‘ಯಾವ ಅಡ್ಡಾದಾಗ ಬಿದ್ದಾನೋ’ ಅನ್ನುತ್ತಾಳೆ. ಆ ಮಾತಿನಲ್ಲಿ ಕಟ್ಟಿಗೆಯ ಸುಳಿವೇ ಇರುವುದಿಲ್ಲ. ನನ್ನ ಹೆಂಡತಿ ಶಾಂತಾ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ನಮ್ಮ ಶಾಲೆಯ ಸ್ಟಾಫ್ ರೂಮಿಗೂ ಅದೇ ಹೆಸರಿಟ್ಟಿದ್ದಳು.

ನಾನು ರಾಯಚೂರಿನ ಒಂದು ಹೈಸ್ಕೂಲಿನಲ್ಲಿ ಕನ್ನಡ ಮಾಸ್ತರ. ಶಬ್ದಗಳ ಮೇಲೆ ನನಗೆ ಸ್ವಲ್ಪ ಹೆಚ್ಚೇ ಅಧಿಕಾರವಿದೆ ಎಂದು ಆಗ ನಂಬಿದ್ದೆ. ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಆ ಕಾಲದಲ್ಲಿ ಒಮ್ಮೆ ಪ್ರಾರ್ಥನೆಯ ಹೊತ್ತಿಗೆ ಮಕ್ಕಳನ್ನೆಲ್ಲ ನಿಲ್ಲಿಸಿ, “ಅಡ್ಡಾದಲ್ಲಿ ಕೂಡುವವನು ಜೀವನದಲ್ಲಿ ಮೇಲೆ ಏಳುವುದಿಲ್ಲ” ಎಂದು ಭಾಷಣ ಮಾಡಿದೆ. ವಾಕ್ಯ ಚೆನ್ನಾಗಿ ಬಂತೆಂದು ಎರಡು ಸಲ ಹೇಳಿದೆ. ನಮ್ಮ ಓಣಿಯ ತುದಿಯಲ್ಲೇ ಮೌಲಾಸಾಬರ ಕಟ್ಟಿಗೆ ಅಡ್ಡಾ ಇತ್ತು. ಅಲ್ಲಿ ಕಟ್ಟಿಗೆ ಒಡೆಯುವ ಮೊದ್ದಿನ, ಅಂದರೆ ದಪ್ಪ ಕೊರಡಿನ ಮೇಲೆ ದಿನವಿಡೀ ನಾಲ್ಕೈದು ಜನ ಕೂತಿರುತ್ತಿದ್ದರು. ಅವರ ಮುಖಂಡ ಸಂಗಪ್ಪ, ಟಪಾಲು ಹಂಚಿ ಹಂಚಿ ನಿವೃತ್ತನಾದವನು. ಇಡೀ ಊರಿನ ಪತ್ರಗಳನ್ನು ಮುಟ್ಟಿದ ಕೈ ಅದು. ಈಗ ಪತ್ರವಿಲ್ಲದೆಯೇ ಊರಿನ ಸುದ್ದಿ ಹಂಚುತ್ತಿದ್ದ. ನನ್ನ ಭಾಷಣದ ಸುದ್ದಿ ನಾನು ಮನೆಗೆ ಮುಟ್ಟುವ ಮೊದಲೇ ಅವನನ್ನು ಮುಟ್ಟಿತ್ತು.

ಅಂಥ ಭಾಷಣ ಮಾಡಿದವನು ಅಡ್ಡಾದಲ್ಲಿ ಹೇಗೆ ನಿಂತಾನು? ನಾನು ಕಟ್ಟಿಗೆ ತರುವ ಕ್ರಮವೇ ಬೇರೆ ಇತ್ತು. ರಸ್ತೆಯಂಚಿನಲ್ಲಿ ನಿಲ್ಲುವುದು, ಕೈಗಡಿಯಾರ ನೋಡುತ್ತ “ಲಗೂನ ಮೌಲಾಸಾಬ್, ಸಾಲಿಗೆ ಹೊತ್ತಾತು” ಅನ್ನುವುದು, ಕೊಟ್ಟದ್ದನ್ನು ಕೈಗಾಡಿಗೆ ಹಾಕಿಸಿಕೊಂಡು ನಡೆಯುವುದು. ಮಾನವಂತರು ಹೀಗೇ ವ್ಯವಹಾರ ಮಾಡಬೇಕೆಂದು ನನ್ನ ಅಭಿಪ್ರಾಯ. ಮನೆಗೆ ಬಂದ ಕಟ್ಟಿಗೆ ಹತ್ತರಲ್ಲಿ ಆರು ಹಸಿ ಇರುತ್ತಿತ್ತು. ಶಾಂತಾ ಒಲೆಯ ಮುಂದೆ ಕೂತು ಊದುಗೊಳವೆ ಊದಿ ಊದಿ ಕಣ್ಣು ಕೆಂಪು ಮಾಡಿಕೊಂಡು ಹೊರಗೆ ಬಂದು, “ಕಟ್ಟಿಗಿ ತಂದೀರೋ, ಗಿಡಾ ತಂದೀರೋ? ಇನ್ನೆರಡು ದಿನಾ ಬಿಟ್ರ ಚಿಗರತಾವ” ಅನ್ನುತ್ತಿದ್ದಳು. ನಾನು ಮೌಲಾಸಾಬರನ್ನು ಬೈಯುತ್ತಿದ್ದೆ. ಹದಿನೈದು ವರ್ಷ ಬೈದೆ.

ಈ ಹೊಗೆಯ ನಡುವೆಯೇ ದೇವದುರ್ಗದಿಂದ ಅವ್ವ ನಮ್ಮಲ್ಲಿರಲು ಬಂದಳು. ಬಂದ ಎರಡನೆಯ ದಿನ ಅಡುಗೆಮನೆಯಲ್ಲಿ ಕೂತು ಕಣ್ಣೊರೆಸಿಕೊಳ್ಳುತ್ತ ನನ್ನನ್ನು ಕರೆದಳು. “ಬಸಣ್ಣ, ಈ ಹೊಗಿ ನೋಡಿ ನೆನಪಾತು. ಆ ಹರಕಿ ಇನ್ನಾ ಹಂಗ ಅದಲ್ಲೋ.”

ಹರಕೆಯ ಕತೆ ಹೇಳಬೇಕಾದರೆ ನನ್ನ ಪರೀಕ್ಷೆಯ ಕತೆ ಹೇಳಬೇಕು. ದೇವದುರ್ಗದಲ್ಲಿ ಓದುತ್ತಿದ್ದಾಗ ನಾನು ಮೆಟ್ರಿಕ್ ಗಣಿತಕ್ಕೆ ಎರಡು ಸಲ ಕೂತು ಎರಡು ಸಲವೂ ಡುಮ್ಕಿ ಹೊಡೆದು ಎದ್ದಿದ್ದೆ. ಮೂರನೆಯ ಸಲಕ್ಕೆ ಮುಂಚೆ ಅವ್ವ ತನ್ನ ತವರೂರು ಮಾನ್ವಿಯ ಮಠಕ್ಕೆ ಹೋಗಿದ್ದಳು. ಅಲ್ಲಿ ದಾಸೋಹದ ಅಡುಗೆ ನೋಡಿಕೊಳ್ಳುತ್ತಿದ್ದ ಸಿದ್ದಮ್ಮ ಹಸಿ ಕಟ್ಟಿಗೆಯ ಹೊಗೆಯಲ್ಲಿ ಅಳುತ್ತ ಸಾರು ಕುದಿಸುತ್ತಿದ್ದಳಂತೆ. ಎಲ್ಲರೂ ಮಕ್ಕಳನ್ನು ಬೆಲ್ಲದಲ್ಲೋ ಕೊಬ್ಬರಿಯಲ್ಲೋ ತೂಗಿಸುತ್ತೇವೆಂದು ಹರಕೆ ಹೊತ್ತರೆ, ನನ್ನ ಅವ್ವ ಅಲ್ಲೇ ಸೆರಗೊಡ್ಡಿ, “ನನ್ನ ಮಗ ಪಾಸಾದರ ಅವನ ತೂಕದಷ್ಟು ಒಣ ಕಟ್ಟಿಗಿ ಕೊಡ್ತೀನಿ” ಎಂದುಬಿಟ್ಟಳು. ನಾನು ಪಾಸಾದೆ. ಆಮೇಲೆ ನನ್ನ ತರಬೇತಿ, ಅಪ್ಪನ ಕಾಯಿಲೆ, ಮದುವೆ, ಊರಿಂದೂರಿಗೆ ವರ್ಗ, ಹೀಗೆ ಪ್ರತಿ ವರ್ಷವೂ ‘ಬರುವ ವರ್ಷ’ ಆಯಿತು. ನಿಜ ಹೇಳುತ್ತೇನೆ, ಆ ಕಾರಣಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನು ನಾನೇ ಹುಟ್ಟಿಸಿದ್ದು. ಹರಕೆ ಹೊತ್ತಾಗ ನಾನು ಎರಡು ಕೈಯಲ್ಲಿ ಎತ್ತಬಹುದಾದ ಹುಡುಗ. ಈಗ ನನ್ನ ಅಂಗಿಯ ಗುಂಡಿಗಳು ಒಂದನ್ನೊಂದು ಬಿಟ್ಟು ಹೋಗಲು ನೋಡುತ್ತಿದ್ದವು.

“ಅವ್ವಾ, ಹರಕಿ ಹೊತ್ತಾಗ ಎಷ್ಟು ತೂಕ ಇದ್ನೋ ಅಷ್ಟ ಕೊಟ್ರ ನಡೀತದ” ಎಂದೆ. “ಅದ ನ್ಯಾಯ.”

“ಹರಕಿ ಹೊತ್ತಾಗ ನೀ ಪಾಸಾಗಿದ್ದಿಲ್ಲ. ನಾವು ತಡಾ ಮಾಡಿದ್ವಿ, ನೀ ಬೆಳಕೊಂಡಿ. ಅದರಾಗ ದೇವರ ತಪ್ಪೇನದ?”

“ಸುಮ್ಮನ ಒಂದು ಬಂಡಿ ಕಟ್ಟಿಗಿ ಕಳಿಸ್ತೀನಿ. ತಕ್ಕಡ್ಯಾಗ ಕುಂದ್ರೋದು ಯಾಕ?”

ಅವ್ವ ಒಂದು ಸೀಳು ಒಲೆಯೊಳಗೆ ನೂಕಿದಳು. ಆಮೇಲೆ ಒಲೆ ಕಡೆ ನೋಡುತ್ತ ಹೇಳಿದಳು. “ನಾ ಇಪ್ಪತ್ತೈದು ವರ್ಷದಾಗ ಮಠದ ಒಳಗ ಹೋಗಿಲ್ಲೋ. ಮಾನ್ವಿಗೆ ಹೋದಾಗೆಲ್ಲ ಅಗಸಿ ಬಾಗಲದಾಗ ನಿಂತು ಕೈ ಮುಗದು ಬರ್ತೀನಿ. ಕೊಟ್ಟ ಮಾತು ನಡಸದಾಕಿ ಯಾವ ಮುಖಾ ಹೊತ್ತು ಒಳಗ ಹೋಗ್ಲಿ?”

ಇದು ನನಗೆ ಗೊತ್ತೇ ಇರಲಿಲ್ಲ. ಅಣ್ಣತಮ್ಮಂದಿರ ಮದುವೆಗಳು, ಊರ ಜಾತ್ರೆ, ಎಲ್ಲದಕ್ಕೂ ಅವಳು ಮಾನ್ವಿಗೆ ಹೋಗಿ ಬಂದವಳು. ಪ್ರತಿ ಸಲ ಎಲ್ಲರೂ ಒಳಗೆ ಹೋದಾಗ ಇವಳು ಬಾಗಿಲಲ್ಲಿ ಚಪ್ಪಲಿ ಕಾಯುವವಳ ಹಾಗೆ ನಿಂತಿದ್ದಳು. ಅದೂ ನನ್ನ ಸಲುವಾಗಿ, ನನ್ನ ಗಣಿತದ ಸಲುವಾಗಿ. ನನಗೆ ಬಹಳ ನಾಚಿಕೆಯಾಯಿತು. ಆದರೆ ಕುತ್ತಿಗೆಯ ತನಕ ನಾಚಿಕೆಯಿದ್ದರೂ ತಲೆಯೊಳಗೆ ಇನ್ನೊಂದು ಲೆಕ್ಕ ಓಡುತ್ತಿತ್ತು. ಮನುಷ್ಯನನ್ನು ತೂಗುವಂಥ ತಕ್ಕಡಿ ಇರುವುದು ಮೌಲಾಸಾಬರ ಅಡ್ಡಾದಲ್ಲಿ ಮಾತ್ರ, ಮತ್ತು ಆ ತಕ್ಕಡಿಯ ಮೇಲೆ ಮನುಷ್ಯರು ಕೂಡಬಾರದೆಂದು ಅಲ್ಲಿ ಕಟ್ಟುನಿಟ್ಟು ನಿಯಮವಿತ್ತು. ಯಾರಾದರೂ ಹುಡುಗಾಟಕ್ಕೆ ಕೂತರೆ ಮೌಲಾಸಾಬರು “ಉಠೋ, ವ್ಯಾಪಾರದ ಬರಕತ್ ಹೋಗ್ತದ” ಎಂದು ಎಬ್ಬಿಸುತ್ತಿದ್ದರು. ಅವರು ಒಲ್ಲೆ ಅಂದರೆ ತಪ್ಪು ನನ್ನದಲ್ಲ. ಬಂಡಿ ಕಟ್ಟಿಗೆಯಲ್ಲಿ ಹರಕೆ ಮುಗಿಯುತ್ತದೆ.

ಇಂಥ ಶುದ್ಧ ಮನಸ್ಸಿನಿಂದ ನಾನು ಸಂಜೆ ಅಡ್ಡಾಕ್ಕೆ ಹೋದೆ. ಮೌಲಾಸಾಬರು ಗಂಭೀರ ಮನುಷ್ಯ, ಬಿಳಿ ಗಡ್ಡ, ಕಿವಿಯ ಮೇಲೆ ಸದಾ ಒಂದು ಪೆನ್ಸಿಲ್. ನಾನು ಎಲ್ಲವನ್ನೂ ಹೇಳಿ, ಕೊನೆಗೆ ನಾನೇ ದಾರಿ ತೋರಿಸಿದೆ. “ನಿಮ್ಮ ನಿಯಮಾ ನಂಗೊತ್ತದ. ಆಗಂಗಿಲ್ಲ ಅಂದ್ರ ನಂಗೇನೂ ಬೇಜಾರಿಲ್ಲ.”

ಅವರು ಪೆನ್ಸಿಲ್ ತೆಗೆದು ಕೈಯಲ್ಲಿ ಹಿಡಿದು ಯೋಚಿಸಿದರು. “ಮಾಸ್ತರ್ ಸಾಬ್, ಹುಡುಗಾಟಕ್ಕ ಕುಂತ್ರ ಬರಕತ್ ಹೋಗ್ತದ. ಅಮ್ಮಾ ಕಾ ಮನ್ನತ್, ತಾಯಿ ಹರಕಿ ಅಂದ್ರ ಬರಕತ್ ಬರ್ತದ. ಯಾವತ್ತು ಇಡೋಣು?”

ಮೊದ್ದಿನ ಮೇಲಿಂದ ಸಂಗಪ್ಪ ಹೇಳಿದ: “ಸೋಮವಾರ ಇಡ್ರಿ. ಶಿವನ ವಾರ. ಮುಂಜಾನಿ ಸಾಲಿ ಹುಡುಗರೂ ಇದ ದಾರ್ಯಾಗ ಹೋಗ್ತಾವ.” ಅವನ ಮುಖದಲ್ಲಿ ನಗುವಿನ ಗೆರೆಯೂ ಇರಲಿಲ್ಲ. ಟಪಾಲು ಇಲಾಖೆಯವರಿಗೆ ಮುಚ್ಚಿದ ಲಕೋಟೆಯಂಥ ಮುಖ ಇರುತ್ತದೆ.

ಅವತ್ತು ಬುಧವಾರ. ಸೋಮವಾರಕ್ಕೆ ಐದು ದಿನ. ನಾನು ಗುಟ್ಟಾಗಿ ಒಂದು ನಿರ್ಧಾರ ಮಾಡಿದೆ. ಆ ರಾತ್ರಿಯಿಂದಲೇ ಹೊಟ್ಟೆ ಸರಿಯಿಲ್ಲವೆಂದು ಹೇಳಿ ಎರಡು ರೊಟ್ಟಿಯ ಜಾಗದಲ್ಲಿ ಅರ್ಧ ತಿಂದೆ. ಶುಕ್ರವಾರ ಮಜ್ಜಿಗೆ. ಶನಿವಾರ ಕನ್ನಡ ಪಾಠ ಮಾಡುವಾಗ ‘ಹೋಳಿಗೆ’ ಎಂಬ ಶಬ್ದ ಬಂದು ಎರಡು ನಿಮಿಷ ಮುಂದಕ್ಕೆ ಹೋಗಲಾಗಲಿಲ್ಲ. ಅಡ್ಡಾದಲ್ಲಿ ನನ್ನ ತೂಕ ಎಷ್ಟಾದೀತೆಂದು ಚಹಾದ ಪಂದ್ಯ ಕಟ್ಟಿದ್ದಾರೆಂಬ ಸುದ್ದಿಯೂ ಬಂತು. ರವಿವಾರ ಮಧ್ಯಾಹ್ನ ಕನ್ನಡಿ ನೋಡಿದೆ. ಐದು ದಿನದ ತಪಸ್ಸಿನಲ್ಲಿ ಇಳಿದದ್ದು ಮುಖ ಮಾತ್ರ, ಹೊಟ್ಟೆ ತನ್ನ ಜಾಗ ಬಿಟ್ಟು ಕದಲಿರಲಿಲ್ಲ.

ಶಾಂತಾ ಮಾತ್ರ ಬುದ್ಧಿವಂತೆ. ಸೋಮವಾರ ಬೆಳಗಿನ ಜಾವ ನಾನು ಸ್ನಾನ ಮಾಡಿ ಬರುವಷ್ಟರಲ್ಲಿ ಅತ್ತೆಯ ಕಿವಿಗೆ ಎಲ್ಲ ಹಾಕಿದ್ದಳು. ಅಡುಗೆಮನೆಯಲ್ಲಿ ಎಲೆ ಹಾಕಿತ್ತು. ಎಣ್ಣೆಗಾಯಿ, ಶೇಂಗಾ ಹಿಂಡಿ, ಕೆನೆ ಮೊಸರು, ಬಿಸಿ ಬಿಸಿ ಜೋಳದ ರೊಟ್ಟಿ. ಅವ್ವ ಎದುರಿಗೆ ಕೂತಿದ್ದಳು. “ಉಣ್ಣು” ಅಂದಳು.

“ಹಸಿವಿಲ್ಲವ್ವಾ.”

“ಬಸ್ಯಾ, ಖಾಲಿ ಹೊಟ್ಟಿಲೆ ಕುಂತ್ರ ಅದು ಕಳ್ಳತೂಕ. ವ್ಯಾಪಾರಸ್ಥರು ಕಲ್ಲಿನಾಗ ಮಾಡ್ತಾರ, ನೀ ಹೊಟ್ಟ್ಯಾಗ ಮಾಡಾಕತ್ತಿ.”

ಇದಕ್ಕೆ ಮೊದಲು ನನ್ನನ್ನು ಬಸ್ಯಾ ಎಂದು ಅವ್ವ ಕರೆದದ್ದು ಗಣಿತದ ಎರಡನೆಯ ಫಲಿತಾಂಶದ ದಿನ ಮಾತ್ರ. ನಾನು ಕೂತು ಉಂಡೆ. ಐದು ದಿನದ್ದನ್ನು ಸೇರಿಸಿ ಉಂಡೆ. ಎಷ್ಟನೆಯ ರೊಟ್ಟಿಗೋ ಅವ್ವನೇ “ಸಾಕೇಳು, ತಕ್ಕಡಿ ಹಗ್ಗಾ ಹರದೀತು” ಅನ್ನಬೇಕಾಯಿತು.

ಅಡ್ಡಾದಲ್ಲಿ ನನ್ನ ಭಯ ನಿಜವಾಗಿತ್ತು. ಓಣಿಯವರೆಲ್ಲ ಇದ್ದರು. ನನ್ನ ಒಂಬತ್ತನೆಯ ತರಗತಿ ಮುಕ್ಕಾಲು ಪಾಲು ಹಾಜರಿತ್ತು. ಶಾಲೆಯಲ್ಲಿ ಅಷ್ಟು ಹಾಜರಿ ನಾನು ಕಂಡಿರಲಿಲ್ಲ. ಮೌಲಾಸಾಬರು ತಕ್ಕಡಿಯ ಎರಡೂ ಹಲಗೆ ತೊಳೆಸಿ, ನಾನು ಕೂಡುವ ಕಡೆ ಮನೆಯಿಂದ ತಂದ ಚಾದರ ಹಾಸಿದ್ದರು. ಅವ್ವ ತೊಲೆಗೆ ವಿಭೂತಿ ಹಚ್ಚಿ ಕಾಯಿ ಒಡೆದಳು. ನಾನು ಕಣ್ಣು ಮುಚ್ಚಿ ಕೂತೆ. ಹಲಗೆ ದಢ್ ಎಂದು ನೆಲ ಮುಟ್ಟಿತು. ಎದುರಿನ ಹಲಗೆ ಖಾಲಿಯಾಗಿ ಮೇಲಕ್ಕೆ ಹೋಯಿತು. ಜನ ಓಹೋ ಅಂದರು. ‘ಅಡ್ಡಾದಲ್ಲಿ ಕೂಡುವವನು ಮೇಲೆ ಏಳುವುದಿಲ್ಲ’ ಎಂಬ ನನ್ನ ವಾಕ್ಯವನ್ನು ಹಿಂದಿನ ಸಾಲಿನಲ್ಲಿ ಯಾವನೋ ಪಿಸುಗುಟ್ಟಿದ. ಧ್ವನಿ ಗೊತ್ತಾಯಿತು, ಆದರೆ ಕೂತಲ್ಲಿಂದ ಎದ್ದು ಕಿವಿ ಹಿಂಡುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಆಗ ಮೊದ್ದಿನ ಮೇಲಿದ್ದವರು ಎದ್ದರು. ಸಂಗಪ್ಪ ಅಂಗಿಯ ತೋಳು ಮೇಲೇರಿಸಿ ನೇರ ಮೂಲೆಯ ರಾಶಿಗೆ ಹೋಗಿ ಎರಡು ಸೀಳು ತೆಗೆದು ಒಂದಕ್ಕೊಂದು ಬಡಿದ. ಠಣ್ ಎಂದು ಸಪ್ಪಳ ಬಂತು. ಹಲಗೆಗೆ ಹಾಕಿದ. ಇನ್ನೊಂದು ಜೋಡಿ ಬಡಿದ, ದಪ್ ಎಂದಿತು. “ಇದು ಹಸಿ. ಮಠದಾಕಿ ಕಣ್ಣಾಗ ನೀರು” ಎಂದು ದೂರ ಎಸೆದ. ಉಳಿದ ಮೂವರೂ ಹಾಗೇ ಬಡಿಯುತ್ತ ಬಂದರು. ಯಾವ ರಾಶಿ ಯಾವ ಬಂಡಿಯಲ್ಲಿ ಯಾವತ್ತು ಬಂತು, ಯಾವುದರ ಮೇಲೆ ಮಳೆ ಬಿದ್ದಿತ್ತು, ಯಾವ ಬೇವು ಹೋದ ಬೇಸಿಗೆಯದು, ಎಲ್ಲ ಅವರಿಗೆ ಬಾಯಿಪಾಠ. ದಿನವಿಡೀ ಅಲ್ಲಿ ಕೂತವರಿಗೆ ಗೊತ್ತಿರದೆ ಇನ್ಯಾರಿಗೆ ಗೊತ್ತಿರಬೇಕು?

“ಸಂಗಪ್ಪಾ, ಮತ್ತ ನಂಗ್ಯಾಕ ದಿನಾ ಹಸೀದು ಬರ್ತಿತ್ತು?” ಎಂದು ತಕ್ಕಡಿಯಿಂದಲೇ ಕೇಳಿದೆ.

“ನೀವು ದಾರ್ಯಾಗ ನಿಂತು ಗಡಿಯಾರ ನೋಡ್ತಿದ್ರಿ ಮಾಸ್ತರ. ಗಡಿಬಿಡಿ ಗಿರಾಕಿಗೆ ಮುಂದಿನ ರಾಶಿ. ಮುಂದಿನ ರಾಶಿ ಯಾವಾಗ್ಲೂ ಹೊಸಾದು. ಒಂದು ಗಳಿಗಿ ಕುಂತಿದ್ರ ನಾವ ಆರಿಸಿ ಕೊಡ್ತಿದ್ವಿ.”

ಹದಿನೈದು ವರ್ಷದ ಹೊಗೆಯ ಕಾರಣ ಒಂದೇ ವಾಕ್ಯದಲ್ಲಿ ಬಗೆಹರಿಯಿತು. ಗುಂಪಿನಲ್ಲಿ ನಿಂತಿದ್ದ ಶಾಂತಾ ನನ್ನ ಕಡೆ ನೋಡಿದಳು. ಆ ನೋಟದ ತೂಕವನ್ನೂ ಸೇರಿಸಿದ್ದರೆ ಇನ್ನೊಂದು ಬಂಡಿ ಕಟ್ಟಿಗೆ ಬೇಕಾಗುತ್ತಿತ್ತು.

ಒಣ ಕಟ್ಟಿಗೆ ಹಗುರ. ಅದರಿಂದಾಗಿ ಒಂದು ವಿಚಿತ್ರ ನಡೆಯಿತು. ಎಷ್ಟು ಹಾಕಿದರೂ ಎದುರಿನ ಹಲಗೆ ಇಳಿಯಲಿಲ್ಲ, ರಾಶಿ ಮಾತ್ರ ಬೆಳೆಯುತ್ತ ಹೋಯಿತು. ಮೊದಲು ನಗುತ್ತಿದ್ದ ಜನ ಈಗ ರಾಶಿ ನೋಡತೊಡಗಿದರು. ಆಮೇಲೆ ಒಬ್ಬೊಬ್ಬರೇ ಬಂದು ತಾವೂ ಒಂದೊಂದು ಸೀಳು ಬಡಿದು ನೋಡಿ ಹಾಕತೊಡಗಿದರು. ನನ್ನ ಹುಡುಗರೂ ಪಾಟೀಚೀಲ ಇಟ್ಟು ಬಂದರು. ಠಣ್ ಠಣ್ ಎಂದು ಅಡ್ಡಾ ತುಂಬ ಸಪ್ಪಳ. ರಾಶಿ ನನ್ನ ತಲೆಗಿಂತ ಎತ್ತರವಾಯಿತು. ಹಲಗೆ ಅಲುಗಿತು, ನನ್ನ ಕಾಲು ನೆಲ ಬಿಟ್ಟವು. ನಾನು ನಿಧಾನಕ್ಕೆ ಮೇಲಕ್ಕೆದ್ದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಅವ್ವ ಆ ರಾಶಿಯನ್ನು ಕೆಳಗಿನಿಂದ ಮೇಲಿನ ತನಕ ನೋಡಿ, ಪಕ್ಕದವಳಿಗೆ, “ಇಷ್ಟೂ ನನ್ನ ಮಗನ ನೋಡವಾ” ಅಂದಳು. ಐದು ದಿನ ಉಪವಾಸವಿದ್ದು ನಾನು ಎಂಥ ಮೂರ್ಖತನ ಮಾಡಲಿದ್ದೆನೆಂದು ಆಗ ತಿಳಿಯಿತು. ಗೆದ್ದ ಪೈಲವಾನನ ಹಾಗೆ ನಾನು ತಕ್ಕಡಿಯಲ್ಲಿ ತೂಗಾಡುತ್ತ ಕೂತಿದ್ದೆ, ಇಳಿಯುವ ಮನಸ್ಸೇ ಇರಲಿಲ್ಲ.

ಎಷ್ಟು ಕಿಲೋ ಆಯಿತೆಂದು ಕಲ್ಲು ಹಾಕಿ ನೋಡಲು ಸಂಗಪ್ಪ ಮುಂದಾದ, ಚಹಾದ ಪಂದ್ಯ ಇತ್ತಲ್ಲ. ಮೌಲಾಸಾಬರು ಕೈ ಅಡ್ಡ ಹಿಡಿದರು. “ಮನ್ನತಿನ ಕಟ್ಟಿಗಿಗೆ ಕಲ್ಲು ಹಚ್ಚಬ್ಯಾಡ್ರಿ.” ಅಂದರೆ ನನ್ನ ತೂಕ ಇವತ್ತಿಗೂ ಯಾರಿಗೂ ಅಂಕಿಯಲ್ಲಿ ಗೊತ್ತಿಲ್ಲ. ಲಾರಿ ಬರುವ ತನಕ ಕಟ್ಟಿಗೆಯನ್ನು ಗೋಡೆಗೆ ಒತ್ತಿ ಒಟ್ಟಿದರು. ಸೋತದ್ದೋ ಗೆದ್ದದ್ದೋ ತಿಳಿಯದ ಸಂಗಪ್ಪ ಒಂದು ಇದ್ದಿಲು ತೆಗೆದುಕೊಂಡು ಒಟ್ಟಿದ ಎತ್ತರಕ್ಕೆ ಗೋಡೆಯ ಮೇಲೆ ಒಂದು ಗೆರೆ ಎಳೆದ. ಅದನ್ನು ಆಗ ಯಾರೂ ಅಷ್ಟಾಗಿ ಗಮನಿಸಲಿಲ್ಲ.

ಮಾನ್ವಿಯ ಅಕ್ಕಿ ಗಿರಣಿಯೊಂದರ ಲಾರಿ ರಾಯಚೂರಿಗೆ ಅಕ್ಕಿ ಇಳಿಸಿ ಖಾಲಿ ಹೋಗುತ್ತಿತ್ತು. ಗಿರಣಿಯವರು ಮಠದ ಭಕ್ತರೇ. ಮುಂದಿನ ಸೀಟಿನಲ್ಲಿ ಅವ್ವ, ಹಿಂದೆ ಕಟ್ಟಿಗೆಯ ಮೇಲೆ ನಾನು. ಶಾಲೆಗೆ ಅವತ್ತು ರಜೆ ಹಾಕಿದ್ದೆ. ಮಠದ ಅಂಗಳದಲ್ಲಿ ಕಟ್ಟಿಗೆ ಇಳಿಸುವಾಗ ಸಿದ್ದಮ್ಮ ಹೊರಗೆ ಬಂದಳು. ಇನ್ನೂ ಇದ್ದಳು, ಬೆನ್ನು ಬಾಗಿತ್ತು. ಯಾರು ಏನು ಎಂದು ಕೇಳುವ ಮೊದಲೇ ಎರಡು ಸೀಳು ಎತ್ತಿಕೊಂಡು ಬಡಿದಳು. ತಲೆಯಾಡಿಸಿ, “ಒಣಾ ಅದವ” ಅಂದಳು. ಅಗಸಿ ಬಾಗಿಲಲ್ಲಿ ನಿಂತಿದ್ದ ಅವ್ವ ಅಷ್ಟು ಕೇಳಿ ಸೆರಗು ತಲೆ ಮೇಲೆ ಹೊದ್ದು ಒಳಗೆ ಹೋದಳು. ನಾನು ಕಟ್ಟಿಗೆಯ ನಡುವೆ ನಿಂತು ಅತ್ತೆ. ಹೊಗೆ ಇರಲಿಲ್ಲವಾದ್ದರಿಂದ ಬೇರೆ ನೆಪ ಹೇಳಲಾಗಲಿಲ್ಲ.

ಅಲ್ಲಿಂದ ಮುಂದೆ ನಾನು ಅಡ್ಡಾದಲ್ಲಿ ಕೂಡತೊಡಗಿದೆ. ಸಂಜೆ ಒಂದು ಗಳಿಗೆ, ಮೊದ್ದಿನ ಮೇಲೆ ಸಂಗಪ್ಪನ ಪಕ್ಕ. ಮನೆಯ ಒಲೆ ಉರಿಯಿತು, ಶಾಂತಾಳ ಕಣ್ಣು ತಿಳಿಯಾದವು. ಊದುಗೊಳವೆಯನ್ನು ಅವಳು ಹಲ್ಲಿ ಓಡಿಸಲು ಬಳಸತೊಡಗಿದಳು. ಪ್ರಾರ್ಥನೆಯಲ್ಲಿ ಮಾತ್ರ ಅಡ್ಡಾದ ವಿಷಯ ಮತ್ತೆ ಎತ್ತಲಿಲ್ಲ.

ಆದರೆ ಶಬ್ದಗಳ ಮೇಲೆ ಅಧಿಕಾರ ಇರುವುದು ಮಾಸ್ತರರಿಗಲ್ಲ. ಗೋಡೆಯ ಮೇಲಿನ ಆ ಇದ್ದಿಲ ಗೆರೆ ಉಳಿದುಕೊಂಡಿತ್ತು. ಮದುವೆಗೆ ಕಟ್ಟಿಗೆ ಬೇಕೆಂದು ಬಂದವನೊಬ್ಬನಿಗೆ ಸಂಗಪ್ಪ, “ಆ ಗೆರಿ ತನಕಾ ಒಟ್ಟಿದ್ರ ಒಂದು ಮಾಸ್ತರ ಆಗ್ತದ. ನಿಮಗ ಮೂರು ಮಾಸ್ತರ ಬೇಕು” ಅಂದನಂತೆ. ಅವನು ಒಯ್ದ, ಅಡುಗೆಗೆ ಸರಿಯಾಗಿ ಸಾಕಾಯಿತು. ವರ್ಷದೊಳಗೆ ಊರೇ ಹಾಗೆ ಕೇಳತೊಡಗಿತು. ನಾಮಕರಣಕ್ಕೆ ಒಂದು ಮಾಸ್ತರ, ಹೋಳಿಗೆ ಊಟವಿದ್ದರೆ ಒಂದೂವರೆ. ಮೌಲಾಸಾಬರು ಗೆರೆ ಅಳಿಸದಂತೆ ಅದರ ಮೇಲೆ ಡಾಂಬರು ಬಳಿಸಿದರು.

ಎಂಬತ್ತರ ದಶಕ ಅರ್ಧ ಕಳೆಯುವಷ್ಟರಲ್ಲಿ ನಮ್ಮ ಮನೆಗೂ ಗ್ಯಾಸ್ ಬಂತು, ಕಟ್ಟಿಗೆ ಬೇಕಾದದ್ದು ಸ್ನಾನದ ಹಂಡೆಗೆ ಮಾತ್ರ. ಮೊನ್ನೆ ಶಾಂತಾ, “ಅರ್ಧ ಮಾಸ್ತರ ಸಾಕ್ರಿ. ಇಡೀ ಒಂದು ಆಗಲೇ ಮನ್ಯಾಗ ಅದ” ಎಂದು ಕಳಿಸಿದಳು. ಅಡ್ಡಾದಲ್ಲಿ ಮೌಲಾಸಾಬರು ನಮಾಜಿಗೆ ಹೋಗಿದ್ದರು. ಕೆಲಸಕ್ಕೆ ಹೊಸದಾಗಿ ಬಂದ ಆಳು ನನ್ನನ್ನು ಅರಿಯ. ಗೋಡೆಗೆ ಒಟ್ಟಿದ, ಗೆರೆಯ ಅರ್ಧಕ್ಕೆ ನಾಲ್ಕು ಬೆರಳು ಕೆಳಗೇ ನಿಲ್ಲಿಸಿ ಕೈ ಕೊಡವಿದ.

“ಕಡಿಮಿ ಆತಲ್ಲಪಾ” ಎಂದೆ.

“ಸರಿಯಾಗ್ಯದ ತಗೋರಿ ಯಜಮಾನ್ರ. ಮಾಸ್ತರ ಎಷ್ಟು ದಪ್ಪ ಇದ್ದ ಅಂತ ನೀವೇನು ಕಣ್ಣಿಲೆ ಕಂಡೀರಾ?”

ಹಿಂದೊಮ್ಮೆ ತೂಕ ಇಳಿಸಲು ಐದು ದಿನ ಮಜ್ಜಿಗೆ ಕುಡಿದವನು ನಾನು. ಈಗ ಅಂಗಿ ಸರಿಪಡಿಸಿಕೊಂಡು, ಹೊಟ್ಟೆ ಮುಂದೆ ಮಾಡಿ, ಅವನೆದುರು ನಿಂತೆ.

“ಕಂಡೀನಪಾ, ದಿನಾ ಕಾಣ್ತೀನಿ. ಅಂವಾ ಇದಕ್ಕಿಂತ ದಪ್ಪ ಇದ್ದಾನ. ಹಾಕು ಇನ್ನ ನಾಕು.”

ಅವನು ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ, ಆರು ಹಾಕಿದ.